ಡೇಲಿಯಾ ಡೇರೆ ಆದದ್ದು: ಪದಪಟ್ಟಿ ಎಲ್ಲಿಗೆ ಬಂತು

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ನಾವು ದಿನಾ ಆಡುವ, ಆದರೆ ಯಾರದ್ದೋ ಹೆಸರಿನಿಂದ ಹುಟ್ಟಿದ ಪದಗಳ ಪಟ್ಟಿ ಮಾಡುತ್ತಿದ್ದೇನೆ, ಪದಕ್ಕೊಂದು ಕಾರ್ಡು. ಅದು ಸ್ವಲ್ಪ ಮುಂದೆ ಹೋಗಿದೆ. ಡೀಸೆಲ್ ಬೇಗ ಮುಗಿಯಿತು. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಇಂಜಿನಿಯರ್ ಹೆಸರು ಮೊದಲು ಇಂಜಿನ್ನಿಗೆ ಬಂತು, ಆಮೇಲೆ ಅದಕ್ಕೆ ಹಾಕುವ ಎಣ್ಣೆಗೆ. ಬೋರ್ಡೋ ದ್ರಾವಣ ಕೈಬಿಟ್ಟೆ. ಅಡಿಕೆ ಕೊಳೆಗೆ ಹೊಡೆಯುವ ಔಷಧಿ ಎಷ್ಟೇ ನಮ್ಮದಾದರೂ ಬೋರ್ಡೋ ಫ್ರಾನ್ಸಿನ ಊರು, ಮನುಷ್ಯ ಅಲ್ವಲ್ಲ.

ಜಾಸ್ತಿ ಹೊತ್ತು ಹಿಡಿದದ್ದು ಡೇರೆ ಹೂವು.

ಇದು ಮೆಕ್ಸಿಕೋದ ಗುಡ್ಡಗಾಡಿನ ಗಿಡ. ಸ್ಪೇನಿನ ಮ್ಯಾಡ್ರಿಡ್‌ಗೆ ಬಂದಾಗ, 1791ರಲ್ಲಿ ಕವನಿಲ್ಲೆಸ್ ಎಂಬ ಸಸ್ಯವಿಜ್ಞಾನಿ ಇದಕ್ಕೆ ಡೇಲಿಯಾ ಅಂತ ಹೆಸರಿಟ್ಟ. ಸ್ವೀಡನ್ನಿನ ಸಸ್ಯವಿಜ್ಞಾನಿ ಆಂಡರ್ಸ್ ದಾಲ್ ನೆನಪಿಗೆ. ದಾಲ್ ಲಿನೇಯಸ್ ಎಂಬ ಹೆಸರಾಂತ ಸಸ್ಯವಿಜ್ಞಾನಿಯ ಶಿಷ್ಯ, 1789ರಲ್ಲೇ ತೀರಿಕೊಂಡಿದ್ದ. ಮುಂದೆ ಜರ್ಮನಿಯ ಸಸ್ಯವಿಜ್ಞಾನಿ ವಿಲ್ಡೆನೋ ಆ ಹೆಸರು ಬೇಡ ಅಂತ, ಗಿಯೋರ್ಗಿ ಎಂಬ ಇನ್ನೊಬ್ಬನ ಹೆಸರು ಹಚ್ಚಿದ. ರಷ್ಯಾದಲ್ಲಿ ಈಗಲೂ ಇದು ಗಿಯೋರ್ಗಿನ್. ನಮ್ಮಲ್ಲಿ ಇಬ್ಬರೂ ಉಳಿಯಲಿಲ್ಲ. ಲಕಾರ ಸವೆದು ರಕಾರ ಆಗಿ, ದಾಲ್ ಮಾಯ!

ಬರೀ ಉಚ್ಚಾರ ಸವೆದದ್ದು ಅಂತ ಕಾರ್ಡಿನಲ್ಲಿ ಬರೆದು ಮುಗಿಸುವವನಿದ್ದೆ. ಪಕ್ಕದ ಮನೆ ಅತ್ತಿಗೆ ಬಿಡಲಿಲ್ಲ. "ನರ್ಸರೀಲಿ ದುಡ್ಡು ಕೊಟ್ಟು ತಂದ್ರೆ ಡೇಲಿಯಾ. ನೆಂಟರ ಮನೇಲಿ ಕೇಳಿ ತಂದ್ರೆ ಡೇರೆ. ಅಷ್ಟೇ ಮಾರಾಯ" ಅಂದರು. ಬೂದಿಯಲ್ಲಿಟ್ಟಿದ್ದ ಗೆಡ್ಡೆಗಳ ಗೊಂಚಲು ತೆಗೆದು, ಕಾಂಡಕ್ಕೆ ಅಂಟಿದ ಕುತ್ತಿಗೆಯಲ್ಲಿ ರಾಗಿಕಾಳಿನಷ್ಟು ಕೆಂಪು ಕಣ್ಣು ತೋರಿಸಿದರು. ಆ ಕಣ್ಣು ಸೇರಿಸಿ ಕೊಯ್ದರೆ ಮಾತ್ರ ಗಿಡ. ಕಣ್ಣಿಲ್ಲದ ಗೆಡ್ಡೆ ಎಷ್ಟು ದಪ್ಪ ಇದ್ದರೂ ಚಿಗುರುವುದಿಲ್ಲ. ಕೊಡಲು ಮನಸ್ಸಿಲ್ಲದವರು ಅಂಥದ್ದನ್ನೇ ನಗುನಗುತ್ತಾ ಕೊಡುತ್ತಾರಂತೆ. ಗೌರಿ ಹಬ್ಬದ ಹೊತ್ತಿಗೆ ಯಾರ ಅಂಗಳದಲ್ಲಿ ಯಾವ ಬಣ್ಣ ಅನ್ನೋದು ಸುಮ್ನೆ ವಿಷಯ ಅಲ್ಲ ನೋಡಿ. ಹಾಗಾಗಿ ಡೇರೆಗೆ ಎರಡನೇ ಕಾರ್ಡು ಬಂತು, ಅರ್ಥಕ್ಕೆಂದೇ.

ಯುಪಟೋರಿಯಂ ಎಂಬ ಕಳೆ ಇದಕ್ಕೆ ಪೂರ್ತಿ ಉಲ್ಟಾ, ಇಲ್ಲಿ ಹೆಸರು ಉಳಿಯಿತು. ಕಪ್ಪು ಸಮುದ್ರದ ದಂಡೆಯ ಹಳೇ ರಾಜ್ಯ ಪಾಂಟಸ್‌ನ ರಾಜ ಮಿಥ್ರಿಡೇಟಿಸ್‌ಗೆ ಯುಪೇಟರ್ ಅಂತ ಬಿರುದಿತ್ತು. ಮೊದಲು ಒಂದು ಔಷಧಿ ಸಸ್ಯಕ್ಕೆ ಆ ಹೆಸರು ಬಂತು, ಕೊನೆಗೆ ನಮ್ಮ ಬೇಣದ, ಅಂದರೆ ಹುಲ್ಲುಗಾವಲಿನ ಕಳೆಗೆ. 1970ರಲ್ಲಿ ವಿಜ್ಞಾನಿಗಳು ಈ ಕಳೆಯನ್ನು ಆ ಕುಲದಿಂದ ತೆಗೆದು ಕ್ರೋಮೊಲೀನಾ ಎಂಬ ಬೇರೆ ಕುಲಕ್ಕೆ ಸೇರಿಸಿದರು. ಇಲ್ಲಿ ಕತ್ತಿ ಹಿಡಿದು ಸವರುವವರು ಮಾತ್ರ ಯುಪಟೋರಿಯಂ ಬಿಟ್ಟಿಲ್ಲ. ಆ ರಾಜ ದಿನಾ ಒಂಚೂರು ವಿಷ ತಿಂದು ಮೈ ಗಟ್ಟಿ ಮಾಡಿಕೊಂಡಿದ್ದ ಅಂತ ಕಥೆ ಇದೆ. ಎಷ್ಟು ಸವರಿದರೂ ಮತ್ತೆ ಚಿಗುರುವ ಗಿಡಕ್ಕೆ ಅವನ ಹೆಸರೇ ಸರಿ ಬಿಡಿ.

ಮುಂದಿನದು ಗಾರ್ಸೀನಿಯಾ. ಲಾರೆಂಟ್ ಗಾರ್ಸಿನ್ ಎಂಬ ಸಸ್ಯವಿಜ್ಞಾನಿಯ ಹೆಸರು. ನಮ್ಮ ಹುಳಿ ಹಣ್ಣಿನ ಮರಗಳಾದ ಉಪ್ಪಾಗೆ, ಮುರುಗಲು ಎರಡೂ ಆ ಕುಲದವೇ. ಈಗ ಅಂಗಡಿಯಲ್ಲಿ ಗಾರ್ಸೀನಿಯಾ ಅಂದರೆ ತೂಕ ಇಳಿಸುವ ಮಾತ್ರೆ ಕೊಡುತ್ತಾರೆ. ಉಪ್ಪಾಗೆ ಸಿಪ್ಪೆಯನ್ನು ಒಲೆ ಮೇಲೆ ಒಣಗಿಸುವವರನ್ನು ಮಳೆಗಾಲದಲ್ಲೇ ಹೋಗಿ ಮಾತಾಡಿಸಬೇಕು. ಒಲೆ ಆರಿದ ಮೇಲೆ ಅವರು ಕೈಗೆ ಸಿಗುವುದಿಲ್ಲ.