ಆಣೆ ಲೆಕ್ಕ, ನಯಾ ಪೈಸೆ ಲೆಕ್ಕ

1957ರ ಏಪ್ರಿಲ್ 1ರಂದು ನಮ್ಮ ದೇಶದ ದುಡ್ಡಿನ ಲೆಕ್ಕವೇ ಬದಲಾಯಿತು. ಆಗ ನಾನು ಮೈಸೂರಿನ ನಮ್ಮ ಈ ಶಾಲೆಯಲ್ಲೇ ಓದುತ್ತಿದ್ದೆ. ಅಲ್ಲಿಯವರೆಗೆ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ. ಇನ್ನು ರೂಪಾಯಿಗೆ 100 ನಯಾ ಪೈಸೆ. ಕಾಲು, ಅರೆ, ಮುಕ್ಕಾಲಿನ ಮಗ್ಗಿ ಬಾಯಿಪಾಠ ಮಾಡಿದ್ದ ನಮಗೆ ಇದು ತುಂಬಾ ಸುಲಭ ಅನ್ನಿಸಿತು. ಲೆಕ್ಕದ ಮೇಷ್ಟ್ರು ಅಷ್ಟಕ್ಕೇ ಬಿಡಲಿಲ್ಲ.

100ನ್ನು 16ರಿಂದ ಭಾಗಿಸಿ ಅಂದರು. ಆಣೆಗೆ ಆರೂಕಾಲು ಬಂತು. ಆದರೆ ಕಾಲು ನಯಾ ಪೈಸೆಗೆ ನಾಣ್ಯವೇ ಇಲ್ಲವಲ್ಲ! ಸರ್ಕಾರದ ಪಟ್ಟಿಯಲ್ಲಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ ಸರಿಯಾಗಿ 25. "ಅಜ್ಜಿ ಒಂದೊಂದಾಣೆಯ ಸೊಪ್ಪನ್ನು ನಾಲ್ಕು ಜನಕ್ಕೆ ಮಾರಿದರೆ ಎಷ್ಟು ಬಂತು?" 24. "ಒಬ್ಬನೇ ಅಷ್ಟನ್ನೂ ಕೊಂಡರೆ?" 25. ಆ ಒಂದು ನಯಾ ಪೈಸೆ ಯಾರಿಗೆ ಸೇರಬೇಕು ಅಂತ ತರಗತಿಯಲ್ಲಿ ದೊಡ್ಡ ವಾದವೇ ನಡೆಯಿತು. ಲೆಕ್ಕದಲ್ಲಿ ಬಿಟ್ಟುಹೋಗುವ ಶೇಷ ಯಾರದೋ ದುಡಿಮೆ ಅಂತ ನನಗೆ ಹೊಳೆದದ್ದು ಆಗಲೇ.

ಹಳೆಯ ನಾಣ್ಯ, ಹೊಸ ನಾಣ್ಯ ಕೆಲವು ವರ್ಷ ಒಟ್ಟಿಗೇ ಓಡಾಡಿದವು. ಓದು ಬಾರದವರು ಆಕಾರ ನೋಡಿಯೇ ಗುರುತು ಹಿಡಿಯುತ್ತಿದ್ದರು. ಬಸವನ ಚಿತ್ರದ ಅರ್ಧಾಣೆ ಚೌಕ, ಹೊಸ ಐದು ನಯಾ ಪೈಸೆಯೂ ಚೌಕ. ಒಂದಾಣೆಗೂ ಅಲೆ ಅಲೆ ಅಂಚು, ಹತ್ತು ನಯಾ ಪೈಸೆಗೂ ಅಲೆ ಅಲೆ ಅಂಚು. ಹೀಗಾದರೆ ಅವರು ಏನು ಮಾಡಬೇಕು ಹೇಳಿ? ದೇವರಾಜ ಮಾರುಕಟ್ಟೆಯಲ್ಲಿ ಹೂ ಮಾರುವ ಒಬ್ಬಾಕೆ ನಾಣ್ಯದ ಅಂಚನ್ನು ಹೆಬ್ಬೆರಳಲ್ಲಿ ಸವರಿ, ಪಕ್ಕದವರಿಗೂ ಒಮ್ಮೆ ತೋರಿಸಿ, ಆಮೇಲೆ ಎಲೆಯಡಿಕೆ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. "ಕೇಳಿದವರಿಗೆ ಲೆಕ್ಕ ಹೇಳಿಕೊಡಿ, ಯಾರನ್ನೂ ನೋಡಿ ನಗಬೇಡಿ" ಅಂತ ಮೇಷ್ಟ್ರು ಕಟ್ಟುನಿಟ್ಟಾಗಿ ಹೇಳಿದ್ದರು. ಹಾಗೇ ಮಾಡಿದೆವು.

ಒಂದು ನಯಾ ಪೈಸೆ ಕಂಚಿನದು, ಹಳೆಯ ಕುದುರೆ ಪೈಸೆಗಿಂತ ಚಿಕ್ಕದು. ರೂಪಾಯಿಯ ನೂರನೇ ಒಂದು ಭಾಗ ಅಂತ ಅದರ ಮೇಲೆ ಹಿಂದಿಯಲ್ಲಿ ಬರೆದಿತ್ತು. 1964ರಲ್ಲಿ 'ನಯಾ' ಬಿಟ್ಟುಹೋಗಿ ಬರೀ ಪೈಸೆ ಉಳಿಯಿತು. 2011ರ ಜೂನ್ 30ರಿಂದ 25 ಪೈಸೆಯೂ ಅದಕ್ಕಿಂತ ಚಿಕ್ಕ ನಾಣ್ಯಗಳೂ ಚಲಾವಣೆಯಲ್ಲಿಲ್ಲ. ಆದರೂ ನಮ್ಮ ಕಡೆ ನಾಲ್ಕಾಣೆ, ಎಂಟಾಣೆ ಅನ್ನುವವರು ಈಗಲೂ ಇದ್ದಾರೆ.

ನನ್ನ ಹತ್ತಿರ ಉಳಿದಿರುವ ನಾಣ್ಯಗಳನ್ನು ಶಾಲೆಗೆ ಕೊಡಬೇಕೆಂದಿದ್ದೇನೆ. ದಯವಿಟ್ಟು ಗಾಜಿನ ಪೆಟ್ಟಿಗೆಯಲ್ಲಿ ಇಡಬೇಡಿ. ಮಕ್ಕಳು ಕೈಯಲ್ಲಿ ಹಿಡಿದು, ಆ ಸೊಪ್ಪಿನ ಲೆಕ್ಕವನ್ನು ತಾವೂ ಮಾಡಲಿ.