ತಾತ, ಇಲ್ಲಿ ಚುಕ್ಕೆ ಇರಲ್ಲ

ದಾವಣಗೆರೆಯಿಂದ ಅಪ್ಪ ನಮ್ಮ ನ್ಯೂಜೆರ್ಸಿ ಮನೆಗೆ ಬಂದಿದ್ದಾರೆ. ಮೊನ್ನೆ ಅಂಗಡಿಯಲ್ಲಿ ಸೀಸರ್ ಸಲಾಡ್ ಪೊಟ್ಟಣ ಹಿಡಿದು ಹಿಂದೆ ಮುಂದೆ ತಿರುಗಿಸುತ್ತಾ ನಿಂತಿದ್ದರು. ಹುಡುಕುತ್ತಿದ್ದದ್ದು ಹಸಿರು ಚುಕ್ಕೆ. "ಸೊಪ್ಪೇ ತಾನೆ" ಅಂತ ಕೊನೆಗೆ ಗಾಡಿಗೆ ಹಾಕಲು ಹೋದರು. ನನ್ನ ಮಗಳು ತಡೆದಳು. "ತಾತ, ಇಲ್ಲಿ ಚುಕ್ಕೆ ಇರಲ್ಲ, ಓದಬೇಕು. ಇದರಲ್ಲಿ ಮೀನಿದೆ."

ಸೊಪ್ಪಿನ ಪೊಟ್ಟಣದಲ್ಲಿ ಮೀನು! ಅಪ್ಪ ನಂಬಲಿಲ್ಲ. ನಾಲ್ಕನೇ ಕ್ಲಾಸಿನ ಹುಡುಗಿ ಬೆರಳಿಟ್ಟು ತೋರಿಸಿದಳು: "ಕಂಟೇನ್ಸ್: ಮಿಲ್ಕ್, ಎಗ್, ಫಿಶ್ (ಆಂಚೊವಿ), ವೀಟ್." ಸೀಸರ್ ಡ್ರೆಸ್ಸಿಂಗ್‌ಗೆ, ಅಂದರೆ ಸೊಪ್ಪಿಗೆ ಕಲಸುವ ಸಾಸ್‌ಗೆ, ಆಂಚೊವಿ ಎಂಬ ಪುಟ್ಟ ಮೀನು ಬೀಳುತ್ತದೆ. ಆ ಸಾಲು ಬರೆಯುವುದು ಅಲರ್ಜಿ ಇರುವವರಿಗಾಗಿ. ಒಂಬತ್ತು ಪದಾರ್ಥಗಳನ್ನು ಹೇಳಲೇಬೇಕು, 2023ರಿಂದ ಎಳ್ಳೂ ಸೇರಿದೆ. ನಮ್ಮಂಥ ಸಸ್ಯಾಹಾರಿಗಳು ಅದನ್ನೇ ನಂಬಿಕೊಂಡಿದ್ದೇವೆ. ಆದರೆ ಚೀಸ್‌ನ ಪಟ್ಟಿಯಲ್ಲಿ ಸುಮ್ನೆ "ಎನ್‌ಜೈಮ್ಸ್" ಅಂತಿದ್ದರೆ, ಹಾಲು ಹೆಪ್ಪುಗಟ್ಟಿಸುವ ಆ ವಸ್ತು ಕರುವಿನ ಹೊಟ್ಟೆಯದೋ ಅಲ್ಲವೋ, ತಿಳಿಯುವುದಿಲ್ಲ. ಈ ವಿಷಯದಲ್ಲಿ ನಮ್ಮೂರ ಚುಕ್ಕೆಗೆ ಸಾಟಿಯಿಲ್ಲ. ಓದು ಬಾರದವರಿಗೂ ಒಂದೇ ನೋಟಕ್ಕೆ ತಿಳಿಯುತ್ತದೆ.

ಚುಕ್ಕೆ ಕಂಡ ಮೇಲೆ ನಾವು ಮುಂದೆ ಓದುವುದೇ ಇಲ್ಲ, ಅಲ್ವಾ? ಅಪ್ಪನಿಗೆ ಬಿಪಿ ಬೇರೆ. ಮಗಳು ಅಲ್ಲಿಗೆ ಬಿಡದೆ ಸೋಡಿಯಂ, ಅಂದರೆ ಉಪ್ಪಿನಂಶದ ಲೆಕ್ಕ ತೆಗೆದಳು. ಒಂದು ಸರ್ವಿಂಗ್‌ಗೆ, ಅಂದರೆ ಒಬ್ಬರ ಒಂದು ಸಲದ ಪಾಲಿಗೆ, 320 ಮಿಲಿಗ್ರಾಂ. ನೋಡಿದರೆ ಕಡಿಮೆ ಅನಿಸುತ್ತದೆ. ಆದರೆ ಪೊಟ್ಟಣದಲ್ಲಿ ಮೂರು ಸರ್ವಿಂಗ್, ಅಪ್ಪ ಒಂದೇ ಊಟಕ್ಕೆ ಅಷ್ಟನ್ನೂ ಮುಗಿಸುವವರು. ಅಲ್ಲಿಗೆ 960 ಆಯಿತು. ಇಲ್ಲಿನ ಲೇಬಲ್ ಪ್ರಕಾರ ದಿನದ ಮಿತಿ 2300. ಎಲೆಯಲ್ಲಿ ಉಪ್ಪು ಇಲ್ಲವೇ ಇಲ್ಲ ಅನ್ನುವಷ್ಟು. ಇರುವುದೆಲ್ಲ ಡ್ರೆಸ್ಸಿಂಗ್, ಚೀಸ್, ಹುರಿದ ಬ್ರೆಡ್ ಚೂರುಗಳಲ್ಲಿ.

ಡ್ರೆಸ್ಸಿಂಗ್ ಅನ್ನು ಬೇರೆ ಪುಟ್ಟ ಪೊಟ್ಟಣದಲ್ಲಿಟ್ಟದ್ದು ನೋಡಿ ನನಗೆ ಅಮ್ಮ ನೆನಪಾದಳು. ರಾಮನವಮಿಯ ಕೋಸಂಬರಿಗೆ ಹಂಚುವ ಹೊತ್ತಿಗಷ್ಟೇ ಉಪ್ಪು ಹಾಕುತ್ತಿದ್ದಳು. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಹೆಸರುಬೇಳೆಯೆಲ್ಲ ಪಿಚಪಿಚ. ತೆಂಗಿನತುರಿ, ನಿಂಬೆರಸ, ಇಂಗು ಸಾಸಿವೆಯ ಒಗ್ಗರಣೆ, ಪಟ್ಟಿ ಅಷ್ಟಕ್ಕೇ ಮುಗಿಯಿತು. ಈಗ ಊರಲ್ಲೂ ನನ್ನ ತಂಗಿ ಆ್ಯಪ್‌ನಲ್ಲಿ ಸಲಾಡ್ ತರಿಸುತ್ತಾಳೆ. ಡಬ್ಬಿಯ ಮೇಲೆ ಚುಕ್ಕೆಯಿದೆ, ಬೆಲೆಯಿದೆ. ಉಳಿದದ್ದನ್ನು ಓದಲು ಯಾರಿಗೂ ಪುರುಸೊತ್ತಿಲ್ಲ.

ಅಪ್ಪ ಕೊನೆಗೆ ಬರೀ ಎಲೆಯ ಪೊಟ್ಟಣ ತಂದರು. ಊಟಕ್ಕೆ ಕೂತಾಗ ಮಗಳ ಕೈಗೆ ಅವರು ಊರಿಂದ ತಂದ ಮಾವಿನ ಉಪ್ಪಿನಕಾಯಿ ಬಾಟಲಿ ಸಿಕ್ಕಿತು. ಹಿಂದಕ್ಕೆ ತಿರುಗಿಸಿ, "ತಾತ, ನೂರು ಗ್ರಾಂಗೆ..." ಅಂತ ಶುರು ಮಾಡಿದಳು.

"ನೂರು ಗ್ರಾಂ ಉಪ್ಪಿನಕಾಯಿ ಯಾರು ತಿಂತಾರೆ!" ಅಂತ ಅಪ್ಪ ಬಾಟಲಿ ಕಿತ್ತುಕೊಂಡರು.