ಎರಡನೇ ನಾಯಿಯಾಗಿ ಬುಲ್‌ಮ್ಯಾಸ್ಟಿಫ್

ಇಂಗ್ಲೆಂಡಿನ ಎಸ್ಟೇಟುಗಳಲ್ಲಿ ಕಳ್ಳಬೇಟೆಗಾರರನ್ನು ಸೀಳದೆ, ಕೆಡವಿ ಹಿಡಿದಿಡಲೆಂದೇ ಬೆಳೆಸಿದ ತಳಿ ಇದು. ಬೊಗಳುವುದು ಕಡಿಮೆ. ಸದ್ದಿಲ್ಲದೆ ಬಾಗಿಲಿಗೆ ಅಡ್ಡ ಮಲಗುವ ಆ ನಿಷ್ಠೆ ನಿಜಕ್ಕೂ ದೊಡ್ಡದು.

ಮನೆಯಲ್ಲಿ ಗಂಡು ನಾಯಿ ಇದ್ದರೆ ಹೆಣ್ಣು ಮರಿಯನ್ನೇ ತನ್ನಿ. ಎರಡು ಗಂಡುಗಳು ಮೊದಲು ಹೊಂದಿಕೊಂಡರೂ ಒಂದೂವರೆ, ಎರಡು ವರ್ಷಕ್ಕೆ ಬಲಿತಾಗ ಕಚ್ಚಾಟ ಶುರುವಾಗಬಹುದು. 55 ಕೆಜಿ ನಾಯಿಯನ್ನು ಬಿಡಿಸುವುದು ಒಬ್ಬರ ಕೈಲಾಗದು. ಊಟ ಬೇರೆ ಬೇರೆ ಕೋಣೆಯಲ್ಲಿ ಹಾಕಿ.

ಮರಿಗೆ ಕ್ಯಾಲ್ಸಿಯಂ ಸಿರಪ್ ಮಾತ್ರ ದಯವಿಟ್ಟು ಕುಡಿಸಬೇಡಿ. ದೊಡ್ಡ ತಳಿಯ ಪಪ್ಪಿ ಫುಡ್‌ನಲ್ಲಿ ಬೇಕಾದಷ್ಟಿರುತ್ತದೆ, ಹೆಚ್ಚಾದರೆ ಬೆಳೆಯುವ ಮೂಳೆಯೇ ಕೆಡುತ್ತದೆ. ಮೂತಿ ಮೊಟಕು, ಸೆಕೆ ತಡೆಯದು: ಬೇಸಿಗೆಯಲ್ಲಿ ವಾಕಿಂಗ್ ಬೆಳಿಗ್ಗೆ 7ರೊಳಗೆ ಮುಗಿಯಲಿ. ಮೊದಲನೆಯ ನಾಯಿ ಇನ್ನೂ ಕರೆದರೆ ಬರುವುದಿಲ್ಲವೇ? ಹಾಗಾದರೆ ಆರು ತಿಂಗಳು ತಡೆಯಿರಿ, ಮರಿ ಅದನ್ನು ನೋಡಿಯೇ ಕಲಿಯುತ್ತದೆ.